ನಿಂತ ಕಾರಿನ ಮೇಷ್ಟ್ರು

ಕ್ಲಚ್ ಮೇಷ್ಟ್ರು ರಸ್ತೆಯ ಆ ತುದಿಯಲ್ಲಿ ನಡೆದು ಬರುತ್ತಿದ್ದರೂ ನಾನು ಈ ತುದಿಯಿಂದಲೇ ಗುರುತು ಹಿಡಿಯಬಲ್ಲೆ. ಅವರ ಬಲಗಾಲು ನೆಲ ಮುಟ್ಟುವ ಮುಂಚೆ ಗಾಳಿಯಲ್ಲಿ ಒಂದು ಗಳಿಗೆ ತಡೆಯುತ್ತದೆ. ಅದು ನೋವಲ್ಲ, ಊನವೂ ಅಲ್ಲ. ಕಾರು ಕಲಿಯುವವರ ಪಕ್ಕದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕುಳಿತು, ತಮ್ಮ ಕಡೆ ಇರುವ ಎರಡನೇ ಬ್ರೇಕಿನ ಮೇಲೆ ಕಾಲನ್ನು ತೇಲಿಸಿ ಇಟ್ಟುಕೊಂಡು ಬಂದ ಅಭ್ಯಾಸ. ಮುಟ್ಟಿದರೆ ಕಲಿಯುವವರ ಧೈರ್ಯ ಹೋಗುತ್ತದೆ, ಎತ್ತಿದರೆ ಜೀವ ಹೋಗುತ್ತದೆ ಎನ್ನುತ್ತಿದ್ದರು.

ಅವರಿಗಿದ್ದ ಆಸ್ತಿ ಒಂದು ಬೂದು ಬಣ್ಣದ ಪುಟ್ಟ ಕಾರು. ಸುತ್ತಲೂ ತಗ್ಗು, ಗೀರು. ಬಾಗಿಲಿನ ಮೇಲೆ ಅವರ ಡ್ರೈವಿಂಗ್ ಶಾಲೆಯ ಹೆಸರು ಅರ್ಧ ಅಳಿಸಿತ್ತು. ಮೇಷ್ಟ್ರಿಗೆ ಅದರ ಬಗ್ಗೆ ನಾಚಿಕೆ ಇರಲಿಲ್ಲ. ಕಲಿಯುವವರು ಮಾಡಬಹುದಾದ ತಪ್ಪನ್ನೆಲ್ಲ ಇದರ ಮೈಮೇಲೇ ಮಾಡಿ ಮುಗಿಸಿದ್ದಾರೆ, ರಸ್ತೆಗೆ ಇಳಿದ ಮೇಲೆ ಇರುವೆಗೂ ಗಾಯ ಮಾಡಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಅದು ಬಾಯಿಮಾತಲ್ಲ. ಹಳೆಯ ಇಟ್ಟಿಗೆ ಗೂಡಿನ ಬಯಲಿನಲ್ಲಿ ಅವರ ಪಾಠ, ಬಯಲಿನ ಅಂಚಿಗೆ ನನ್ನ ಪಂಕ್ಚರ್ ಅಂಗಡಿ. ಅವರ ಕೈಯಲ್ಲಿ ಕಲಿತು ಹೋದವರು ನನ್ನ ಹತ್ತಿರ ಗಾಳಿ ಹಾಕಿಸಲು ಬರುತ್ತಿದ್ದರು. ಒಬ್ಬರ ಬಂಪರೂ ಸೊಟ್ಟಗಾಗಿದ್ದನ್ನು ನಾನು ಕಂಡಿರಲಿಲ್ಲ. ನಾನು ಪುಸ್ತಕ ಓದಿ ಗಾಡಿ ತಿಳಿದವನಲ್ಲ, ಬಿಚ್ಚಿ ತಿಳಿದವನು. ಟಯರಿನ ಸವೆತ ನೋಡಿದರೆ ಓಡಿಸುವವರ ಬುದ್ಧಿ ನನಗೆ ಗೊತ್ತಾಗುತ್ತದೆ. ಮೇಷ್ಟ್ರ ಶಿಷ್ಯರ ಟಯರು ನಾಲ್ಕೂ ಒಂದೇ ಸಮ ಸವೆಯುತ್ತಿದ್ದವು.

ಆ ವರ್ಷ ಪೆಟ್ರೋಲು, ಡೀಸೆಲ್ಲಿನ ಬೆಲೆ ಏರತೊಡಗಿತು. ಎಲ್ಲೋ ದೂರದ ಸಮುದ್ರದಲ್ಲಿ ಹಡಗುಗಳು ಸಾಲಾಗಿ ನಿಂತಿವೆಯಂತೆ, ಯಾರೋ ಎಣ್ಣೆ ಬಾವಿಗಳಿಗೆ ಬೀಗ ಜಡಿದಿದ್ದಾರಂತೆ ಎಂದು ಜನ ಮಾತಾಡಿಕೊಂಡರು. ಸಮುದ್ರ ಕಾಣದ ನಮಗೆ ಅದರ ಬಿಸಿ ಬಂಕಿನ ಬೋರ್ಡಿನಲ್ಲಿ ತಟ್ಟಿತು. ಮೊದಲು ಟ್ಯಾಂಕ್ ತುಂಬಿಸಿ ಎಂದು ಕೈ ಬೀಸುತ್ತಿದ್ದವರು ಈಗ ಇಷ್ಟಕ್ಕೆ ಮಾತ್ರ ಹಾಕಪ್ಪ ಎಂದು ಮೆಲ್ಲಗೆ ಹೇಳುವಂತಾದರು. ಬೈಕಿನವರು ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಟ್ಯಾಂಕಿಗೆ ಕಿವಿ ಕೊಟ್ಟು ಒಳಗೆಷ್ಟಿದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಸಿಗ್ನಲ್ ಕೆಂಪಾದರೆ ಎಲ್ಲರೂ ಒಟ್ಟಿಗೆ ಎಂಜಿನ್ ಆರಿಸಿ, ಚೌಕವೇ ಸಾವಿನ ಮನೆಯಂತೆ ಗಪ್‌ಚುಪ್ಪಾಗುತ್ತಿತ್ತು. ಇಳಿಜಾರಿನಲ್ಲಂತೂ ಗಾಡಿಗಳು ಸದ್ದಿಲ್ಲದೆ ದೆವ್ವದ ಹಾಗೆ ಜಾರಿ ಬರುತ್ತಿದ್ದವು. ದಾಟುವವರು ಕಿವಿ ನಂಬುವಂತಿರಲಿಲ್ಲ. ಒಂದೇ ಕಾರಿನಲ್ಲಿ ಐದು ಜನ ಕಚೇರಿಗೆ ಹೊರಟರು. ಮಾತು ಬಿಟ್ಟಿದ್ದ ನೆರೆಹೊರೆಯವರು ಪೆಟ್ರೋಲಿನ ದೆಸೆಯಿಂದ ಮಾತು ಶುರುಮಾಡಿದರು.

ತರಕಾರಿ ಏರಿತು, ಸೋಪು ಏರಿತು. ಕ್ಷೌರದವನೂ ಏರಿಸಿದ.

"ಕತ್ತರಿಗೂ ಪೆಟ್ರೋಲ್ ಹಾಕ್ತೀಯೇನಪ್ಪ?" ಎಂದು ನಾನು ಕೇಳಿದೆ.

"ಕತ್ತರಿಗೆ ಹಾಕಲ್ಲ ಅಜ್ಜ. ಬ್ಲೇಡು ತರೋನು ನಡ್ಕೊಂಡು ಬರ್ತಾನಾ?" ಎಂದು ಅವನು ನನ್ನ ತಲೆಯನ್ನು ಇನ್ನೊಂದಿಷ್ಟು ಬಗ್ಗಿಸಿದ.

ನನ್ನ ಅಂಗಡಿಗೆ ಮಾತ್ರ ಕೈತುಂಬ ಕೆಲಸ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಸೈಕಲ್ಲುಗಳೆಲ್ಲ ಕೆಳಗಿಳಿದು ಬಂದವು. ಕಾಲ ನನಗೆ ಬೆಣ್ಣೆ ಹಚ್ಚಿ, ಎದುರಿನ ಬಯಲಿನಲ್ಲಿದ್ದ ಮೇಷ್ಟ್ರಿಗೆ ಸುಣ್ಣ ಹಚ್ಚುತ್ತಿತ್ತು. ಕಾರು ಕಲಿಸುವ ಕಸುಬೆಂದರೆ ಎಲ್ಲಿಗೂ ಹೋಗದೆ ಪೆಟ್ರೋಲು ಸುಡುವ ಕಸುಬು. ಸುತ್ತಿದಲ್ಲೇ ಸುತ್ತಬೇಕು, ಹಿಂದೆ ಬರಬೇಕು, ಮತ್ತೆ ಮುಂದೆ ಹೋಗಬೇಕು. ಶುಲ್ಕ ಏರಿಸೋಣವೆಂದರೆ ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಶಾಲೆಯವರು ಹಳೆಯ ಶುಲ್ಕದಲ್ಲೇ ಕಲಿಸುತ್ತೇವೆಂದು ಬೋರ್ಡು ಬರೆಸಿಬಿಟ್ಟಿದ್ದರು. ಮೇಷ್ಟ್ರ ಹೆಂಡತಿಯದು ದಿನವೂ ಒಂದೇ ಮಾತು: "ಮನೇಲಿ ಎರಡು ಹೊಟ್ಟೆ, ಬಾಗಿಲಲ್ಲಿ ಒಂದು ಹೊಟ್ಟೆ. ಬಾಗಿಲಲ್ಲಿರೋದೇ ಎಲ್ಲಾ ಕುಡೀತಿದೆ."

ಆಗ ಮೇಷ್ಟ್ರ ತಲೆಗೆ ಒಂದು ಉಪಾಯ ಹೊಳೆಯಿತು. ಎಂಜಿನ್ ಶುರುಮಾಡದೆಯೇ ಕಲಿಸುವುದು.

ಮೊದಮೊದಲು ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೂರಿಸಿ ಕ್ಲಚ್ಚು, ಗೇರು, ಕನ್ನಡಿ ಹೇಳಿಕೊಡುತ್ತಿದ್ದರು. ಎಂಜಿನ್ನಿನ ಸದ್ದನ್ನು ಬಾಯಲ್ಲೇ ಮಾಡುತ್ತಿದ್ದರು. ನಾನು ಟ್ಯೂಬನ್ನು ನೀರಿನಲ್ಲಿ ಅದ್ದಿಕೊಂಡು ಕೇಳುತ್ತಿದ್ದೆ.

"ಗುರ್ರ್‌ರ್... ಗಾಡಿ ಒದ್ದಾಡ್ತಿದೆ. ಎರಡನೇ ಗೇರು ಕೊಡಿ ಅಂತ ಕೂಗ್ತಿದೆ, ಕೇಳಿಸ್ತಿಲ್ವಾ?"

"ಕೂಗ್ತಿರೋದು ನೀವು, ಮೇಷ್ಟ್ರೇ."

"ನಾನೇ ಗಾಡಿ ಅಂದ್ಕೊಳ್ಳಿ."

"ಹಂಗಾದ್ರೆ ಹಾರ್ನ್ ಯಾವುದು, ಮೂಗಾ?"

ಹೀಗೆ ಕೇಳಿದವಳು ಬ್ರೆಡ್ಡಕ್ಕ. ಗಂಡ ಬೇಕರಿಯ ವ್ಯಾನು ಓಡಿಸುತ್ತಿದ್ದ. ಬೆಳಿಗ್ಗೆ ಅಂಗಡಿ ಅಂಗಡಿಗೆ ಬ್ರೆಡ್ಡು, ಬನ್ನು ಹಾಕಿ ಬರುವ ಕೆಲಸ. ಲೆಕ್ಕ ಬರೆದುಕೊಂಡು ಟ್ರೇ ಇಳಿಸುತ್ತಿದ್ದವಳು ಇವಳೇ ಆದ್ದರಿಂದ ಊರಿಗೆಲ್ಲ ಬ್ರೆಡ್ಡಕ್ಕನಾದಳು. ಗಂಡನಿಗೆ ಒಮ್ಮೆ ಫಿಟ್ಸ್ ಬಂದು ಬಿದ್ದ ಮೇಲೆ ಡಾಕ್ಟರು ಸ್ಟೀರಿಂಗ್ ಮುಟ್ಟಲೇಬಾರದು ಎಂದುಬಿಟ್ಟರು. ಬೇಕರಿ ಯಜಮಾನ ಬಾಡಿಗೆ ಡ್ರೈವರನ್ನು ಇಟ್ಟು ಎರಡು ಮೂರು ತಿಂಗಳು ತಳ್ಳಿದ. ಡೀಸೆಲ್ಲೂ ಏರಿ, ಡ್ರೈವರಿನ ಕೂಲಿಯೂ ಸೇರಿದಾಗ, "ಈ ತಿಂಗಳ ಕೊನೆಗೆ ನೀನೇ ಓಡಿಸೋ ಹಾಗಾದ್ರೆ ವ್ಯಾನ್ ಇರುತ್ತೆ, ಇಲ್ದಿದ್ರೆ ಮಾರಿಬಿಡ್ತೀನಿ. ಬೇಕಾದ ಅಂಗಡಿಯವರು ಇಲ್ಲೇ ಬಂದು ತಗೊಂಡು ಹೋಗ್ಲಿ" ಎಂದ. ಗಂಡ ಹೆಂಡತಿ ಇಬ್ಬರ ಅನ್ನವೂ ಆ ವ್ಯಾನಿನಲ್ಲಿತ್ತು. ಆದರೂ ಆಕೆಯ ಬಾಯಿಯ ಚುರುಕು ಕಡಿಮೆಯಾಗಿರಲಿಲ್ಲ.

ನಿಂತ ಕಾರಿನ ಪಾಠ ಚೆನ್ನಾಗಿಯೇ ನಡೆಯಿತು. ಗೇರು ಹಾಕುವುದರಲ್ಲಿ ಶಿಷ್ಯರ ಕೈ ಪಳಗಿತು. ಅದರ ಖುಷಿಯಲ್ಲಿ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಯಲಿನ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಕಾರನ್ನು ಎತ್ತರದ ಅಂಚಿಗೆ ಒಯ್ದು, ಎಂಜಿನ್ ಇಲ್ಲದೆಯೇ ಉರುಳಲು ಬಿಡುವುದು. ಸ್ಟೀರಿಂಗು ತಿರುಗಿಸುತ್ತ ಇಳಿದು, ಕೆಳಗೆ ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ನಿಲ್ಲಿಸುವುದು. ಮಿಕ್ಕವರು ಸೇರಿ ಮತ್ತೆ ಮೇಲಕ್ಕೆ ತಳ್ಳುವುದು. ಒಂದು ಹನಿ ಪೆಟ್ರೋಲು ಸುಡದೆ ದಿನಕ್ಕೆ ಎಷ್ಟು ಸಲವಾದರೂ ಆಗುತ್ತಿತ್ತು.

"ಕಾರು ಓಡಿಸೋಕೆ ಬಂದೆ ಅಂದ್ಕೊಂಡಿದ್ದೆ ಅಜ್ಜ. ಇಲ್ಲಿ ನೋಡಿದ್ರೆ ನನ್ನೇ ಎತ್ತು ಮಾಡಿ ಹೂಡಿದ್ದಾರೆ" ಎಂದು ಬ್ರೆಡ್ಡಕ್ಕ ತಳ್ಳಿ ತಳ್ಳಿ ಸುಸ್ತಾಗಿ ನನ್ನ ಅಂಗಡಿಗೆ ನೀರು ಕುಡಿಯಲು ಬಂದಳು.

ಕೆಳಗಿನ ಗೆರೆ ಹತ್ತಿರವಾದಾಗ ಮೇಷ್ಟ್ರ ಕೂಗು ಬಯಲಿಗೆಲ್ಲ ಕೇಳಿಸುತ್ತಿತ್ತು. "ತುಳೀರಿ! ಇನ್ನೂ ತುಳೀರಿ! ಅದರ ಮೇಲೆ ನಿಂತೇಬಿಡಿ!" ಶಿಷ್ಯರು ಸೀಟಿನಿಂದ ಎದ್ದು ನಿಂತಷ್ಟು ಜೋರಾಗಿ ಬ್ರೇಕು ತುಳಿಯುತ್ತಿದ್ದರು. ಕಾರು ಗೆರೆಯ ಮೇಲೆ ನಿಧಾನವಾಗಿ ನಿಲ್ಲುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ನೋಡಿದೆ. ಏನೂ ತೋಚಲಿಲ್ಲ.

ಎಂಜಿನ್ ಹಚ್ಚಿ ರಸ್ತೆಗೆ ಹೋಗುವ ಪಾಠವನ್ನು ಕೊನೆಗೆ ಇಟ್ಟಿದ್ದರು. ಬೆಲೆ ಏರಿದ ಹಾಗೆಲ್ಲ ಆ ಕೊನೆಯ ಪಾಠಗಳು ಸವೆದ ಸೋಪಿನಂತೆ ಚಿಕ್ಕದಾಗುತ್ತ ಬಂದವು. ಪರೀಕ್ಷೆಯಲ್ಲಿ ಅಷ್ಟೇನೂ ಕೇಳುತ್ತಿರಲಿಲ್ಲ. ನೆಟ್ಟ ಕೋಲುಗಳ ನಡುವೆ ಆಮೆಯ ಹಾಗೆ ಒಂದು ಸುತ್ತು ಬಂದು ಹಿಂದಕ್ಕೆ ನಿಲ್ಲಿಸಿ ತೋರಿಸಿದರೆ ಮುಗಿಯಿತು. ಆರು ಜನ ಹಾಗೆ ಕಲಿತೇ ಲೈಸೆನ್ಸ್ ತೆಗೆದುಕೊಂಡು ಹೋದರು. ಮೇಷ್ಟ್ರು ಮೀಸೆ ತಿರುವಿದರು.

ಏಳನೆಯವನು ಟೈಲರ್. ಅವನ ಕಾಲು ಬಲು ನಾಜೂಕು. ಹೊಲಿಗೆ ಯಂತ್ರವನ್ನು ಬೇಕೆಂದ ಹೊಲಿಗೆಗೆ ನಿಲ್ಲಿಸಬಲ್ಲ ಕಾಲು. ಅವನನ್ನು ಮೊದಲ ಸಲ ರಸ್ತೆಗೆ ಕರೆದುಕೊಂಡು ಹೋದ ದಿನ ಮಾರುಕಟ್ಟೆಯ ಇಳಿಜಾರಿನಲ್ಲಿ ಸಿಗ್ನಲ್ ಹಳದಿಯಾಯಿತು. ಟೈಲರ್ ಬಯಲಿನಲ್ಲಿ ಕಲಿತ ಹಾಗೆಯೇ ಬ್ರೇಕಿನ ಮೇಲೆ ಎದ್ದು ನಿಂತ. ಕಾರು ಗೋಡೆಗೆ ಹೊಡೆದಂತೆ ಗಕ್ಕನೆ ನಿಂತಿತು. ಹಿಂದೆ ಒಬ್ಬ ಕೊಳಾಯಿ ರಿಪೇರಿಯವನು ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ಬೈಕಿನಲ್ಲಿ ಜಾರಿ ಬರುತ್ತಿದ್ದ. ಕೆಂಪಾಗುವ ಮುಂಚೆಯೇ ದಾಟಿಬಿಡುವ ಆಸೆಯಲ್ಲಿ ತೀರ ಹತ್ತಿರ ಬಂದಿದ್ದ. ಬೈಕು ಕಾರಿನ ಬೆನ್ನಿಗೆ ಗುದ್ದಿತು, ಅವನು ಹಾರಿ ಕಾರಿನ ಹಿಂಭಾಗದ ಮೇಲೆ ಬಿದ್ದ. ಜೀವಕ್ಕೆ ಏನೂ ಆಗಲಿಲ್ಲ. ಬಲಗೈಯ ಮಣಿಕಟ್ಟು ಮುರಿಯಿತು. ಸ್ಪ್ಯಾನರ್ ತಿರುಗಿಸಿ ಬದುಕುವವನಿಗೆ ಆ ಮಣಿಕಟ್ಟೇ ಜೀವ.

ಮೇಷ್ಟ್ರು ಅವನನ್ನು ಆಸ್ಪತ್ರೆಗೆ ಸೇರಿಸಿ, ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಇಳಿಯಲಿಲ್ಲ. ಎಂಜಿನ್ ಆರಿಸಿ ಬ್ರೇಕು ಒತ್ತಿದರು. ಒಂದು, ಎರಡು, ಮೂರು ಸಲ. ಆಮೇಲೆ ಎಂಜಿನ್ ಹಚ್ಚಿ ಒತ್ತಿದರು. ಮತ್ತೆ ಆರಿಸಿದರು. ನಾನು ಕೈ ಒರೆಸಿಕೊಂಡು ಹತ್ತಿರ ಹೋದೆ.

"ಅಜ್ಜ, ನೀವು ಒಂದ್ಸಲ ಒತ್ತಿ ನೋಡಿ" ಎಂದರು.

ಪಕ್ಕದ ಸೀಟಿನಲ್ಲಿ ಕುಳಿತು ಎರಡನೇ ಬ್ರೇಕನ್ನು ಒತ್ತಿದೆ. ಕಲ್ಲು. ಆಗ ನನಗೂ ಹೊಳೆಯಿತು. ಎಂಜಿನ್ ಓಡುತ್ತಿದ್ದರೆ ಬ್ರೇಕಿಗೆ ಅರ್ಧಕ್ಕಿಂತ ಹೆಚ್ಚು ಬಲ ಎಂಜಿನ್ನೇ ಕೊಡುತ್ತದೆ, ಹೆಬ್ಬೆರಳು ತಾಗಿಸಿದರೆ ಸಾಕು. ಎಂಜಿನ್ ಆರಿದ ಮೇಲೆ ಎರಡು ಮೂರು ಒತ್ತಿಗೆ ಆ ಬಲ ಬರಿದಾಗುತ್ತದೆ. ಆಮೇಲೆ ಮೈಭಾರ ಬಿಟ್ಟರಷ್ಟೇ ಗಾಡಿ ನಿಲ್ಲುತ್ತದೆ. ಗ್ಯಾರೇಜಿನವರಿಗೆಲ್ಲ ಗೊತ್ತಿರುವ ಸಂಗತಿ. ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಯಲಿನಲ್ಲಿ ಉರುಳುವ ಕಾರಿನಲ್ಲಿ ತಿಂಗಳುಗಟ್ಟಲೆ ತುಳಿದ ಕಾಲಿಗೆ ಅದೇ ಅಭ್ಯಾಸವಾಗಿ, ಎಂಜಿನ್ ಓಡುವಾಗಲೂ ಅಷ್ಟೇ ಜೋರಾಗಿ ತುಳಿಯುತ್ತದೆ ಎಂದು ಅವರೂ ಎಣಿಸಲಿಲ್ಲ.

"ನಿಮ್ಮ ಕಾಲಡೀಲೂ ಒಂದು ಬ್ರೇಕಿತ್ತಲ್ಲ ಮೇಷ್ಟ್ರೇ?" ಎಂದೆ.

"ಅವರು ಒತ್ತದೇ ಇದ್ರೆ ನಾನು ಒತ್ತಬಹುದು. ಒತ್ತಿದ್ದನ್ನ ಬಿಡಿಸೋಕಾಗುತ್ತಾ?" ಎಂದು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. "ಹೆದರಿದಾಗ ತಲೆ ಯೋಚನೆ ಮಾಡಲ್ಲ ಅಜ್ಜ, ಕಾಲು ಮಾಡುತ್ತೆ. ಆ ಕಾಲಿಗೆ ನಾನೇ ತುಳಿ ತುಳಿ ಅಂತ ಹೇಳಿಕೊಟ್ಟಿದ್ದೀನಿ. ಆರು ಜನ ಇದ್ದಾರೆ ಹೊರಗೆ. ಆರು ಜನ."

"ಮೊದಲು ಇಲ್ಲಿರೋರನ್ನ ನೋಡಿ. ಬ್ರೆಡ್ಡಕ್ಕನ ಪರೀಕ್ಷೆ ಯಾವಾಗ?"

"ಸೋಮವಾರ" ಎಂದರು. ಅಂದು ಬುಧವಾರ.

ಮಿಕ್ಕವರ ಪಾಠ ನಿಲ್ಲಿಸಿದರು. ಬೂದು ಕಾರು ಹಿಂದಿನ ತಗ್ಗು ತಿದ್ದಿಸಿಕೊಳ್ಳಲು ಗ್ಯಾರೇಜು ಸೇರಿತ್ತು. ಅದಕ್ಕೆ ಮರುದಿನ ಬೆಳಿಗ್ಗೆ ಬಾಡಿಗೆ ಡ್ರೈವರಿಗೆ ರಜೆ ಹೇಳಿ, ಬೇಕರಿಯ ವ್ಯಾನಿಗೇ ಕಲಿಯುವವರ ಬೋರ್ಡು ಕಟ್ಟಿ, ಬ್ರೆಡ್ಡಕ್ಕನನ್ನು ಸ್ಟೀರಿಂಗಿಗೆ ಕೂರಿಸಿ, ತಾವು ಪಕ್ಕದಲ್ಲಿ ಕುಳಿತರು. ಗಂಡ ಹಿಂದೆ ಟ್ರೇಗಳ ನಡುವೆ. ಅವರೆಲ್ಲ ಆಮೇಲೆ ಹೇಳಿದ್ದನ್ನೇ ನಾನು ಬರೆಯುತ್ತಿದ್ದೇನೆ.

ಮೊದಲ ತಿರುವಿನಲ್ಲೇ ಆಕೆ ಬಯಲಿನ ತುಳಿತ ತುಳಿದಳು. ಹಿಂದಿನಿಂದ ಟ್ರೇಗಳು ದಡಬಡನೆ ಜಾರಿದವು.

"ಏನೇ ಇದು, ಬನ್ನೆಲ್ಲ ಚಪಾತಿ ಆಯ್ತಲ್ಲೇ!" ಎಂದು ಗಂಡ ಕೂಗಿದ.

"ನೀವು ಗಟ್ಟಿಯಾಗಿ ಹಿಡ್ಕೊಳ್ಳಿ, ಅದಕ್ಕೇ ಅಲ್ವಾ ನಿಮ್ಮನ್ನ ಹಿಂದೆ ಕೂರ್ಸಿರೋದು" ಎಂದಳು.

"ಅಕ್ಕ, ತುಳೀಬೇಡಿ. ಬರೀ ಮುಟ್ಟಿ" ಎಂದರು ಮೇಷ್ಟ್ರು.

ಎರಡನೇ ಅಂಗಡಿಗೂ ಹಾಗೆಯೇ ಆಯಿತು, ಮೂರನೆಯದಕ್ಕೂ ಆಯಿತು. ಮೇಷ್ಟ್ರು ಪ್ರತಿ ಸಲವೂ ತುಳೀಬೇಡಿ, ತುಳೀಬೇಡಿ ಎಂದರು. ಹತ್ತಾರು ಸಲ ಕೇಳಿ ಕೇಳಿ ಬ್ರೆಡ್ಡಕ್ಕನಿಗೆ ಬ್ರೇಕೆಂದರೆ ಹಾವು ತುಳಿದ ಭಯವಾಯಿತು. ಹಾಗಾಗಿಯೇ ಮಕ್ಕಳ ಶಾಲೆಯ ಹಿಂದಿನ ತಿರುವಿನಲ್ಲಿ, ಹಳೆಯ ಪೇಪರು ಕೊಳ್ಳುವ ಮುದುಕನೊಬ್ಬ ಕೈಗಾಡಿ ತಳ್ಳಿಕೊಂಡು ಅಡ್ಡ ಬಂದಾಗ ಆಕೆ ಬ್ರೇಕನ್ನು ಬರೀ ಸವರಿದಳು. ವ್ಯಾನು ನಿಲ್ಲಲಿಲ್ಲ. ಮೇಷ್ಟ್ರ ಬಲಗಾಲು ತಾನಾಗಿಯೇ ಕೆಳಗಿಳಿಯಿತು. ಆದರೆ ಇದು ಬೇಕರಿಯ ವ್ಯಾನು, ಆ ಕಡೆ ಎರಡನೇ ಬ್ರೇಕಿಲ್ಲ. ಕಾಲು ಬರಿ ತಗಡನ್ನು ಒತ್ತಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಒತ್ತಿದಾಗ ಏನೂ ನಿಲ್ಲಲಿಲ್ಲ.

"ತುಳೀರಿ!" ಎಂದು ಕಿರುಚಿದರು.

ಆಕೆ ತುಳಿದಳು. ವ್ಯಾನು ಕೈಗಾಡಿಗೆ ಒಂದು ಗೇಣು ಇರುವಾಗ ನಿಂತಿತು. ಪೆಟ್ರೋಲ್ ಬೆಲೆಯ ಪುಣ್ಯ, ಹಿಂದೆ ಯಾವ ಗಾಡಿಯೂ ಇರಲಿಲ್ಲ. ಮುದುಕ ಬಿಟ್ಟಬಾಯಿ ಬಿಟ್ಟಂತೆಯೇ ನಿಂತ. ಬ್ರೆಡ್ಡೊಂದು ಸೀಟು ಹಾರಿ ಬಂದು ಮೇಷ್ಟ್ರ ತೊಡೆಯ ಮೇಲೆ ಕುಳಿತಿತ್ತು.

ಬ್ರೆಡ್ಡಕ್ಕ ಸ್ಟೀರಿಂಗು ಬಿಡಲಿಲ್ಲ. ಎದುರಿಗೆ ನೋಡುತ್ತಲೇ ಕೇಳಿದಳು. "ತುಳಿ ಅಂದ್ರಿ, ಮೂರು ತಿಂಗಳು ತುಳಿದೆ. ತುಳೀಬೇಡ ಅಂದ್ರಿ, ಬಿಟ್ಟೆ. ಈಗ ಮತ್ತೆ ತುಳಿ ಅಂತೀರಿ. ನನ್ನ ಕಾಲು ಯಾರ ಮಾತು ಕೇಳ್ಬೇಕು ಮೇಷ್ಟ್ರೇ?"

ಮೇಷ್ಟ್ರು ತೊಡೆಯ ಮೇಲಿನ ಬ್ರೆಡ್ಡನ್ನು ಎತ್ತಿ ಹಿಂದೆ ಗಂಡನ ಕೈಗೆ ಕೊಟ್ಟರು. ಮಾತಿನಲ್ಲಿ ಕೆಡಿಸಿದ್ದಲ್ಲ, ಮಾತಿನಲ್ಲಿ ಸರಿಯಾಗುವುದೂ ಇಲ್ಲ. ಓಡುವ ಗಾಡಿಯಲ್ಲಿ ನೂರಾರು ಸಲ ನಿಲ್ಲಿಸಿ ನಿಲ್ಲಿಸಿ ಕಾಲು ತಾನೇ ಕಲಿಯಬೇಕು. ಸೋಮವಾರದೊಳಗೆ ಅದು ಆಗುವ ಕೆಲಸವಲ್ಲ. ಆದರೆ ಆಮೆಯ ನಡೆಯ ಆ ಪರೀಕ್ಷೆಯಲ್ಲಿ ಈಕೆ ಕಣ್ಣು ಮುಚ್ಚಿ ಪಾಸಾಗುತ್ತಾಳೆ. ಪಾಸಾದ ಮರುದಿನವೇ ಈ ವ್ಯಾನನ್ನು ಒಬ್ಬಳೇ ಇದೇ ತಿರುವಿಗೆ ತರುತ್ತಾಳೆ.

ಆ ದಿನ ಸಂಜೆ ಬಯಲಿನಲ್ಲಿ ಅವರಿಬ್ಬರ ಜಗಳ ನಾನೇ ಕೇಳಿದೆ.

"ಸೋಮವಾರ ಹೋಗೋದು ಬೇಡ ಅಕ್ಕ. ಇನ್ನೊಂದು ತಿಂಗಳು ಬಿಟ್ಟು ಹೋಗೋಣ."

"ಇನ್ನೊಂದು ತಿಂಗಳಿಗೆ ವ್ಯಾನೇ ಇರಲ್ಲ. ಹೋಗಿ ಏನ್ ಓಡಿಸ್ಲಿ, ನಿಮ್ಮ ನಿಂತ ಕಾರನ್ನಾ?"

"ಯಾರಿಗಾದ್ರೂ ಗುದ್ದಿದ್ರೆ?"

"ಗುದ್ದಬಾರ್ದು ಅಂತಲೇ ತಾನೇ ನಿಮ್ಮ ಹತ್ರ ಬಂದಿದ್ದು? ಬಸ್ ನಿಲ್ದಾಣದ ಹತ್ತಿರ ಹೋಗಬಹುದಿತ್ತು. ಮೇಷ್ಟ್ರ ಹತ್ರ ಕಲಿತರೆ ಇರುವೆನೂ ಸಾಯಲ್ಲ ಅಂದ್ರು ಜನ." ಆಕೆಯ ಕಣ್ಣು ತುಂಬಿಬಂದಿತ್ತು. ಸೆರಗಿನಲ್ಲಿ ಒರೆಸಿಕೊಂಡು, "ನಾನು ಹೋಗೋಳೇ" ಎಂದು ಹೊರಟುಹೋದಳು.

ಮೇಷ್ಟ್ರು ನನ್ನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತರು. ಹೀಗೆ ಕುಳಿತ ಮನುಷ್ಯನಿಗೆ ಬುದ್ಧಿ ಹೇಳಬಾರದು, ಅಷ್ಟು ನನಗೆ ಗೊತ್ತು. ನಾನು ಕಿತ್ತ ಟಯರಿನ ಒಳಗೆ ಕೈಯಾಡಿಸಿ ಮುಳ್ಳು ಹುಡುಕುತ್ತಿದ್ದೆ.

"ನಾನೇ ಓಡಿಸ್ತೀನಿ" ಎಂದರು ಇದ್ದಕ್ಕಿದ್ದಂತೆ.

"ಏನನ್ನ?"

"ಬ್ರೆಡ್ ವ್ಯಾನ್."

ಎದ್ದು ನೆಟ್ಟಗೆ ಬೇಕರಿಗೆ ಹೋದರು. ಯಾರ ಮುಂದೆಯೂ ಕೈಕಟ್ಟಿ ನಿಂತವರಲ್ಲ. ಅಂದು ಒಲೆಯ ಬಿಸಿಗೆ ಬೆವರುತ್ತ ಯಜಮಾನನ ಮುಂದೆ ನಿಂತರಂತೆ. ಬೆಳಿಗ್ಗೆ ತುಂಬಿದ ವ್ಯಾನನ್ನು ಸಂಬಳವಿಲ್ಲದೆ ತಾವು ಓಡಿಸುತ್ತೇವೆ, ಬಾಡಿಗೆ ಡ್ರೈವರನ್ನು ಬಿಡಿಸಿ, ಆದರೆ ಖಾಲಿ ಟ್ರೇ ಹೊತ್ತು ಹಿಂದಿರುಗುವಾಗ ಸ್ಟೀರಿಂಗು ಬ್ರೆಡ್ಡಕ್ಕನ ಕೈಯಲ್ಲಿ. ಕಲಿತಳು ಎಂದು ತಮಗೆ ಅನ್ನಿಸುವವರೆಗೆ ಹೀಗೆಯೇ ಎಂದರು.

ಯಜಮಾನ ಹಿಟ್ಟಿನ ಕೈಯಲ್ಲೇ ತಲೆ ಕೆರೆದುಕೊಂಡ. "ನಿಮ್ಗೇನು ಲಾಭ ಮೇಷ್ಟ್ರೇ ಇದ್ರಲ್ಲಿ?"

"ಲಾಭ ಇಲ್ಲ. ರಾತ್ರಿ ನಿದ್ದೆ ಬರುತ್ತೆ."

"ವ್ಯಾನ್ ಹೇಗೂ ಖಾಲಿ ಬರೋದು ತಾನೇ" ಎಂದು ಯಜಮಾನ ಒಪ್ಪಿದ. ಡೀಸೆಲ್ಲು ಒಂದು ಹನಿಯೂ ಹೆಚ್ಚು ಆಗದು, ಕೂಲಿ ಉಳಿಯಿತು. ಲೆಕ್ಕ ಅವನಿಗೆ ಹಿಡಿಸಿತು.

ಬ್ರೆಡ್ಡಕ್ಕ ಮೊದಲ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಸೋಮವಾರ ಬಂದು ಹೋಯಿತು, ಆಕೆ ಪರೀಕ್ಷೆಗೆ ಹೋಗಲಿಲ್ಲ. ಮೇಷ್ಟ್ರು ಬೆಳಕು ಹರಿಯುವ ಮುಂಚೆ ವ್ಯಾನಿನಲ್ಲಿ ಹೊರಟು ಟ್ರೇ ಇಳಿಸಲೂ ಕೈ ಹಾಕುತ್ತಿದ್ದರು. ಅಂಗಡಿಯವರು ಮೂಗು ಮುರಿದರು. "ಏನ್ ಮೇಷ್ಟ್ರೇ, ಶಾಲೆ ಮುಚ್ಚಿ ಬನ್ನು ಮಾರ್ತಿದೀರಾ?" ಎಂದವರಿಗೆ, "ಎಷ್ಟು ಬೇಕು ಹೇಳಿ" ಎಂದಷ್ಟೇ ಉತ್ತರ. ಹಿಂದಿರುಗುವಾಗ ಒಂದು ಮಾತೂ ಆಡುತ್ತಿರಲಿಲ್ಲ. ತುಳಿ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಪ್ರತಿ ಅಂಗಡಿಯ ಮುಂದೆ, ಪ್ರತಿ ತಿರುವಿನಲ್ಲಿ, ಪ್ರತಿ ಕಂಬದ ಹತ್ತಿರ ನಿಲ್ಲಿಸಲು ಕೈಸನ್ನೆ ಮಾತ್ರ. ಹಿಂದೆ ಖಾಲಿ ಟ್ರೇಗಳು ಮೊದಲ ವಾರ ಗಡಗಡ ಎನ್ನುತ್ತಿದ್ದವು. ಎರಡನೇ ವಾರ ಒಮ್ಮೊಮ್ಮೆ ಸುಮ್ಮನಾದವು. ಮೂರನೇ ವಾರ ಒಂದು ದಿನ ನನ್ನ ಅಂಗಡಿಯ ಮುಂದೆ ವ್ಯಾನು ಬಂದು ನಿಂತದ್ದು ನನಗೆ ತಿಳಿಯಲೇ ಇಲ್ಲ. ತಲೆಯೆತ್ತಿದಾಗ ಬ್ರೆಡ್ಡಕ್ಕ ಕಿಟಕಿಯಿಂದ ಹಲ್ಲು ಕಿರಿಯುತ್ತಿದ್ದಳು.

"ಬಂದಿದ್ದು ಕೇಳಿಸ್ತಾ ಅಜ್ಜ?"

"ಇಲ್ವಲ್ಲೇ."

"ಇವರಿಗೂ ಕೇಳಿಸ್ಲಿಲ್ಲ" ಎಂದು ಹಿಂದೆ ಟ್ರೇಗಳಿಗೆ ಒರಗಿ ನಿದ್ದೆ ಹೋಗಿದ್ದ ಗಂಡನನ್ನು ತೋರಿಸಿದಳು. ಪರೀಕ್ಷೆಯನ್ನು ಆ ತಿಂಗಳೇ ಮುಗಿಸಿ ಬಂದಳು. ಯಜಮಾನ ವ್ಯಾನು ಮಾರಲಿಲ್ಲ.

ಇಷ್ಟಾದರೂ ಮೇಷ್ಟ್ರ ಮುಖ ತಿಳಿಯಾಗಲಿಲ್ಲ. ಸಂಜೆ ಹೊತ್ತು ನನ್ನ ಅಂಗಡಿಯಿಂದ ಒಂದು ಸೈಕಲ್ಲು ಇಸಿದುಕೊಂಡು ಆ ಆರು ಜನರ ಮನೆಗೆ ತಿರುಗತೊಡಗಿದ್ದರು. ದುಡ್ಡು ಬೇಡ, ಬನ್ನಿ, ಒಂದಿಷ್ಟು ಓಡಿಸೋಣ ಎಂದು ಕರೆದರು. ಯಾರೂ ಬರಲಿಲ್ಲ. ಅವರಿಗೆ ಆಶ್ಚರ್ಯವೂ ಸಮಾಧಾನವೂ ಆದ ಸಂಗತಿಯೆಂದರೆ, ಆರೂ ಮನೆಯ ಬಾಗಿಲಲ್ಲಿ ಕಾರುಗಳು ಹೊದಿಕೆ ಹೊದ್ದು ಮಲಗಿದ್ದವು. ನನ್ನ ಅಂಗಡಿಯ ಎದುರಿನ ಓಣಿಯ ಔಷಧಿ ಅಂಗಡಿಯಾಕೆಯಂತೂ ನಕ್ಕಳು.

"ಈ ಬೆಲೆಗೆ ಯಾರು ತೆಗೀತಾರೆ ಮೇಷ್ಟ್ರೇ? ಲೈಸೆನ್ಸ್ ತಗೊಂಡ ಮೇಲೆ ಕಾರನ್ನ ಒರೆಸಿದ್ದೀನಿ ಅಷ್ಟೇ. ಬೆಲೆ ಇಳೀಲಿ, ಆಗ ನೋಡೋಣ."

ಅಂದು ಮೇಷ್ಟ್ರು ಸೈಕಲ್ಲು ಹಿಂದಿರುಗಿಸುವಾಗ ಹಗುರಾಗಿದ್ದರು. "ಬೆಲೆ ಇರೋ ತನಕ ಭಯವಿಲ್ಲ ಅಜ್ಜ" ಎಂದರು. ಅಂದ ಮೇಲೆ ತಮ್ಮ ಮಾತು ತಮಗೇ ಚುಚ್ಚಿತು. ಊರಿಗೆ ಊರೇ ಬೆಲೆ ಇಳಿಯಲೆಂದು ಬಾಯಿಬಿಟ್ಟು ಕಾಯುತ್ತಿತ್ತು. ಅವರ ಮನೆಯ ಒಲೆಯೂ ಅದನ್ನೇ ಕಾಯುತ್ತಿತ್ತು. ಇಳಿದರೆ ಶಿಷ್ಯರು ಬರುತ್ತಾರೆ, ಬೂದು ಕಾರು ಮತ್ತೆ ಸುತ್ತುತ್ತದೆ. ಆದರೆ ಅದೇ ದಿನ ಆ ಆರು ಕಾರುಗಳೂ ರಸ್ತೆಗೆ ಇಳಿಯುತ್ತವೆ. ದಿನ ಬೆಳಿಗ್ಗೆ ಬಂಕಿನ ಬೋರ್ಡು ನೋಡಿ ಬಂದು, "ಇಲ್ಲ, ಅಷ್ಟೇ ಇದೆ" ಎನ್ನುವಾಗ ಅದು ದುಃಖವೋ ನೆಮ್ಮದಿಯೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಬೋರ್ಡು ಬದಲಾಯಿತು. ಸ್ವಲ್ಪವಲ್ಲ, ಎರಡು ಮೆಟ್ಟಿಲು ಒಂದೇ ಸಲ ಇಳಿದಿತ್ತು. ಚಹದಂಗಡಿಯಲ್ಲಿ ಜನ ಕೇಕೆ ಹಾಕಿದರು. ಬಂಕಿನ ಮುಂದೆ ಸಾಲು ಬೆಳೆಯಿತು. ಮೇಷ್ಟ್ರು ಓಡಿಬಂದು, ನಾನು ಇನ್ನೂ ಗಾಳಿ ತುಂಬದಿದ್ದ ಸೈಕಲ್ಲನ್ನೇ ಎಳೆದುಕೊಂಡರು.

"ತಡೀರಿ ಮೇಷ್ಟ್ರೇ, ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲ!"

ಅವರು ಕೇಳಿಸಿಕೊಳ್ಳಲಿಲ್ಲ. ಹೆಚ್ಚು ದೂರ ಹೋಗಬೇಕಾಗಿಯೂ ಬರಲಿಲ್ಲ. ಎದುರಿನ ಓಣಿಯಲ್ಲಿ ಔಷಧಿ ಅಂಗಡಿಯಾಕೆ ಕಾರಿನ ಹೊದಿಕೆ ತೆಗೆದು ಮಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು, ಮುಂದೆ ಆಕೆಯ ತಾಯಿ.

"ಎಲ್ಲಿಗಮ್ಮ ಹೊರಟಿರಿ?"

"ಅಣ್ಣನ ಮನೆಗೆ. ಬೆಲೆ ಇಳೀತಲ್ಲ, ಒಂದು ವರ್ಷ ಆಯ್ತು ನೋಡಿ ಅವರನ್ನ."

ಮೇಷ್ಟ್ರು ಸೈಕಲ್ಲನ್ನು ಗೋಡೆಗೆ ಒರಗಿಸಿ ಮುಂದಿನ ಬಾಗಿಲು ತೆರೆದರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ನೀವು ಒಂದಿಷ್ಟು ಹೊತ್ತು ಹಿಂದೆ ಕೂತ್ಕೊಳ್ಳಿ."

"ಇವರು ಯಾರಮ್ಮ? ನಮ್ಮ ಜೊತೆ ಬರ್ತಾರಾ?" ಎಂದು ಮುದುಕಿ ಗೊಣಗುತ್ತ ಇಳಿದಳು.

"ಓಣಿ ತುದಿ ತನಕ ಮಾತ್ರ" ಎಂದು ಮೇಷ್ಟ್ರು ಕುಳಿತೇಬಿಟ್ಟರು. "ಹೊರಡಿ. ಆ ಕಂಬದ ಹತ್ರ ನಿಲ್ಲಿಸಿ."

ನಾನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಕಾರು ಹೊರಟಿತು, ಕಂಬದ ಹತ್ತಿರ ಗಕ್ಕನೆ ನಿಂತಿತು. ಒಳಗಿದ್ದ ತಲೆಗಳೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದವು. ಮಕ್ಕಳು ಬಿದ್ದು ಬಿದ್ದು ನಕ್ಕರು. ಔಷಧಿ ಅಂಗಡಿಯಾಕೆ ನಗಲಿಲ್ಲ. ಬ್ರೇಕನ್ನೂ ಮೇಷ್ಟ್ರ ಮುಖವನ್ನೂ ನೋಡಿದಳು. ಅವರು ಏನೋ ಹೇಳಿದರು. ಕಾರು ಹಿಂದಕ್ಕೆ ಬಂತು, ಮತ್ತೆ ಹೊರಟಿತು, ಮತ್ತೆ ನಿಂತಿತು.

"ಹೀಗೆ ಹೋದ್ರೆ ಅಣ್ಣನ ಮನೆಗೆ ಮುಂದಿನ ವರ್ಷ ಮುಟ್ತೀವಿ" ಎಂದು ಹಿಂದಿನಿಂದ ಮುದುಕಿಯ ಧ್ವನಿ ಕೇಳಿಸಿತು.

"ಇನ್ನೊಂದ್ಸಲ" ಎಂದರು ಮೇಷ್ಟ್ರು.

ಓಣಿಯಾಚೆ ದೊಡ್ಡ ರಸ್ತೆಯಲ್ಲಿ ಎಂಜಿನ್ನುಗಳ ಸದ್ದು ಶುರುವಾಗಿತ್ತು. ತಿಂಗಳುಗಟ್ಟಲೆ ಕಾಣದ ಕಾರುಗಳು ಒಂದರ ಹಿಂದೊಂದು ಬಂಕಿನ ಕಡೆ ಹೋಗುತ್ತಿದ್ದವು. ಈ ಕಾರು ಕಂಬದ ಹತ್ತಿರ ನಿಂತಾಗಲೆಲ್ಲ ಮೇಷ್ಟ್ರು ಕಿಟಕಿಯಿಂದ ಕತ್ತು ಚಾಚಿ, ಓಣಿಯ ತುದಿಯಲ್ಲಿ ಹಾದುಹೋಗುವ ಒಂದೊಂದು ಕಾರಿನೊಳಗೂ ಸ್ಟೀರಿಂಗಿನ ಹಿಂದೆ ಕುಳಿತಿರುವವರು ಯಾರೆಂದು ನೋಡುತ್ತಿದ್ದರು.